ಹೊಸ ಕಾರು, ಹಳೆ ಕಾಲು

ಕಾರು ಬಂದ ಮೂರನೇ ದಿನ. ಮುಂದೆ ಸಿಗ್ನಲ್ ಕೆಂಪಾಗಿತ್ತು. ಇನ್ನೂ ಬೇಕಾದಷ್ಟು ದೂರ ಇತ್ತು. ಬಲಗಾಲನ್ನು ಮೆಲ್ಲಗೆ ಬ್ರೇಕಿನ ಮೇಲಿಟ್ಟೆ. ಅಷ್ಟರಲ್ಲಿ ನನ್ನ ಎಡಗಾಲು, ಒಂದು ಮಾತೂ ಕೇಳದೆ, ಎದ್ದು ಬಂದು ಧೊಪ್ಪನೆ ಏನನ್ನೋ ತುಳಿಯಿತು. ಗೋಡೆಗೆ ಗುದ್ದಿದ ಹಾಗೆ ಕಾರು ನಿಂತಿತು. ಪಕ್ಕದಲ್ಲಿದ್ದ ಅಮ್ಮನ ಮಡಿಲಿನಿಂದ ಚೀಲ ಹಾರಿ ಕಾಲ ಬುಡಕ್ಕೆ ಬಿತ್ತು. ಹಿಂದಿನವರು ಹಾರ್ನ್ ಒತ್ತಿದವರು ಬಿಡಲೇ ಇಲ್ಲ.

"ಏನಾಯ್ತೇ?" ಅಂದರು ಅಮ್ಮ.

"ಏನಿಲ್ಲಮ್ಮ, ಕ್ಲಚ್ ಒತ್ತಿದೆ."

"ಈ ಕಾರಿಗೆ ಕ್ಲಚ್ಚೇ ಇಲ್ಲ ಅಂದಿದ್ದೆಯಲ್ಲ?"

"ಅದಕ್ಕೇ ಹೀಗಾಯ್ತು."

ಅಮ್ಮ ಬಗ್ಗಿ ಚೀಲ ಎತ್ತಿಕೊಂಡರು. ಆಮೇಲೆ ಮನೆ ತಲುಪುವವರೆಗೂ ಬಾಗಿಲ ಮೇಲಿನ ಹಿಡಿಯನ್ನು ಬಿಡಲಿಲ್ಲ.

ಎಡಗಾಲಿನ ತಪ್ಪೇನೂ ಇರಲಿಲ್ಲ. ಹಳೆ ಕಾರಿನಲ್ಲಿ 14 ವರ್ಷ ಅದು ಮಾಡಿದ್ದು ಒಂದೇ ಕೆಲಸ. ನಿಲ್ಲಿಸುವ ಹೊತ್ತು ಬಂದರೆ ಕ್ಲಚ್ ಪೂರ್ತಿ ತುಳಿಯಬೇಕು, ಹೊರಡುವಾಗ ಮೆಲ್ಲಗೆ ಬಿಡಬೇಕು. ಬ್ರೇಕಿನದು ಸರಿಯಾಗಿ ಇದರ ಉಲ್ಟಾ. ಅಲ್ಲಿ ಮೆಲ್ಲಗೆ ಒತ್ತಬೇಕು. ನನ್ನ ಬಲಗಾಲಿಗೆ ಆ ನಾಜೂಕು ಗೊತ್ತು, ಎಡಗಾಲಿಗೆ ಯಾರೂ ಹೇಳಿಕೊಟ್ಟಿಲ್ಲ. ಅದರ ಮೇಲೆ ಹೊಸದು ಆಟೊಮ್ಯಾಟಿಕ್, ಗೇರು ತಾನೇ ಬದಲಾಗುವ ಕಾರು. ಅಂಥ ಕಾರುಗಳಲ್ಲಿ ಬ್ರೇಕ್ ಪೆಡಲ್ ಅಗಲವಾಗಿರುತ್ತದೆ. ಹುಡುಕಿಕೊಂಡು ಬಂದ ಎಡಗಾಲಿಗೆ ಅದು ಸುಲಭವಾಗಿ ಸಿಗುತ್ತದೆ.

ಹೊಸ ಕಾರು ಕೊಂಡವರು ಬರೆಯುವುದನ್ನೆಲ್ಲ ನಾನೂ ಓದಿದ್ದೇನೆ. ಪಿಕಪ್ ಹೇಗೆ, ಮೈಲೇಜ್ ಎಷ್ಟು, ಸೀಟು ಮೆತ್ತಗಿದೆಯಾ, ಬಣ್ಣ ಬಿಸಿಲಲ್ಲಿ ಹೇಗೆ ಕಾಣುತ್ತೆ. ನನ್ನ ಕಾರಿನ ಬಗ್ಗೆ ಅಂಥದ್ದು ಬರೆಯೋಣ ಅಂತ ಕೂತೆ. ಎರಡು ಸಾಲಿಗೆ ಮುಗಿಯಿತು. ಪಿಕಪ್ ಚೆನ್ನಾಗಿದೆ, ಸೀಟೂ ಚೆನ್ನಾಗಿದೆ. ಈ ಮೂರು ತಿಂಗಳಲ್ಲಿ ನಿಜವಾಗಿ ಕಂಡದ್ದು ಬೇರೆಯೇ. ಹೊಸ ಕಾರು ಅಂಗಳಕ್ಕೆ ಬಂದು ನಿಂತಿದ್ದರೂ ನನ್ನ ಕೈಕಾಲು ಮಾತ್ರ ಹಳೆ ಕಾರಿನಿಂದ ಇಳಿದಿರಲಿಲ್ಲ.

ಡೆಲಿವರಿ ತೆಗೆದುಕೊಂಡ ದಿನದಿಂದ ಶುರು ಮಾಡುತ್ತೇನೆ. ಶೋರೂಮಿನ ಹುಡುಗ ತುಂಬಾ ಉತ್ಸಾಹದಿಂದ ಅರ್ಧ ಗಂಟೆ ವಿವರಿಸಿದ. ಇದು ಒತ್ತಿದರೆ ಅದು, ಅದನ್ನು ಎಳೆದರೆ ಇದು, ಫೋನ್ ಹೀಗೆ ಜೋಡಿಸಬೇಕು, ಸೀಟಿನ ಎತ್ತರ ಹೀಗೆ. "ಅರ್ಥವಾಯ್ತಾ ಮೇಡಂ?" ಅಂತ ಮಧ್ಯೆ ಮಧ್ಯೆ ಕೇಳುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಗಮನ ಪೂರ್ತಿ ಓಡೋಮೀಟರ್ ಮೇಲಿತ್ತು. ಅದರಲ್ಲಿ 41 ಅಂತಿತ್ತು. ಹೊಸ ಕಾರು ಅಂದರೆ ಸೊನ್ನೆ ಇರಬೇಕು ಅಂದುಕೊಂಡಿದ್ದೆ. ಆ 41 ಕಿಲೋಮೀಟರ್ ಯಾರು ಓಡಿಸಿದರು? ಕೇಳಿದ್ದಕ್ಕೆ ಹುಡುಗ ನಕ್ಕ. ಕಾರ್ಖಾನೆಯಲ್ಲಿ ಪರೀಕ್ಷೆಗೆ, ಲಾರಿಗೆ ಹತ್ತಿಸುವುದಕ್ಕೆ, ಇಳಿಸುವುದಕ್ಕೆ, ಗೋದಾಮಿನಿಂದ ಇಲ್ಲಿಗೆ ತರುವುದಕ್ಕೆ. ಸರಿ, ಲೆಕ್ಕ ಸಿಕ್ಕಿತು. ಆದರೂ ನನಗಿಂತ ಮುಂಚೆ ಯಾರೋ ನಾಲ್ಕು ಜನ ಅದನ್ನು ಓಡಿಸಿದ್ದಾರೆ, ಅವರ ಕಾಲು ಸರಿಯಾದ ಪೆಡಲ್ ಮೇಲೇ ಇತ್ತು ಅನ್ನುವುದು ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವಾಯಿತು.

ಶೋರೂಮಿನಿಂದ ಹೊರಗೆ ಬಂದ ಮೊದಲ ನಿಮಿಷದಲ್ಲೇ ಬೆಚ್ಚಿದೆ. ಬ್ರೇಕಿನಿಂದ ಕಾಲು ತೆಗೆದೆ, ಇನ್ನೂ ಆಕ್ಸಿಲರೇಟರ್ ಮುಟ್ಟಿಲ್ಲ, ಕಾರು ತಾನೇ ಹೊರಟಿತು! ಹಳೆ ಕಾರು ನಾನು ಹೇಳದೆ ಒಂದು ಗೇಣು ಕದಲುತ್ತಿರಲಿಲ್ಲ. ಇದು ಹಗ್ಗ ಬಿಚ್ಚಿದ ಕರುವಿನ ಹಾಗೆ ಸುಮ್ನೆ ಮುಂದೆ ಹೋಗುತ್ತದೆ.

ಇದಕ್ಕೆ ಕಾರಣ ಆಮೇಲೆ ತಿಳಿದುಕೊಂಡೆ. ಚೆನ್ನಾಗಿದೆ, ಅದಕ್ಕೇ ಹೇಳುತ್ತೇನೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಸ್ವಿಚ್ ಹಾಕಿ. ಅದರ ಗಾಳಿಗೆ ಎದುರಿನದೂ ಮೆಲ್ಲಗೆ ತಿರುಗುತ್ತದೆ. ನನ್ನ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇಂಥದ್ದೇ ಏರ್ಪಾಡು ಇದೆ, ಗಾಳಿಯ ಜಾಗದಲ್ಲಿ ಎಣ್ಣೆ. ಟಾರ್ಕ್ ಕನ್ವರ್ಟರ್ ಅಂತ ಹೆಸರು. ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಎಣ್ಣೆ ಆ ಕಡೆಯ ರೆಕ್ಕೆಗಳನ್ನು ತಳ್ಳುತ್ತಲೇ ಇರುತ್ತದೆ. ಹಾಗಾಗಿ ಗೇರ್ ಡ್ರೈವ್‌ನಲ್ಲಿ, ಅಂದರೆ ಮುಂದೆ ಹೋಗುವ ಸ್ಥಾನದಲ್ಲಿ, ಇರುವಾಗ ಬ್ರೇಕ್ ಬಿಟ್ಟರೆ ಕಾರು ತೆವಳುತ್ತದೆ. ಎಲ್ಲ ಆಟೊಮ್ಯಾಟಿಕ್ ಕಾರುಗಳ ಒಳಗಿನ ಏರ್ಪಾಡೂ ಇದೇ ಅಲ್ಲ, ಬೇರೆ ಬಗೆಯವೂ ಇವೆ. ಆದರೆ ಅಂಥ ಹಲವು ಕಾರುಗಳಲ್ಲೂ ಓಡಿಸುವವರ ಅಭ್ಯಾಸಕ್ಕೆ ಅಂತ ಈ ತೆವಳುವಿಕೆಯನ್ನು ಬೇಕೆಂದೇ ಇಟ್ಟಿರುತ್ತಾರೆ. ಮೊದಲ ದಿನ ಹೆದರಿಸಿದ ಇದೇ ಗುಣ ಎರಡನೇ ವಾರಕ್ಕೆ ಇಷ್ಟವಾಯಿತು. ಟ್ರಾಫಿಕ್ಕಿನಲ್ಲಿ ಅಂಗುಲ ಅಂಗುಲವಾಗಿ ಹೋಗುವಾಗ ಬ್ರೇಕ್ ಒಂದನ್ನೇ ಸಡಿಲ ಬಿಗಿ ಮಾಡುತ್ತಾ ಕೂತರೆ ಸಾಕು.

ಬಲಗೈಯದು ಇನ್ನೊಂದು ಕತೆ. ಹಳೆ ಕಾರಿನಲ್ಲಿ ಇಂಡಿಕೇಟರ್ ಸ್ಟೀರಿಂಗಿನ ಬಲಕ್ಕಿತ್ತು, ವೈಪರ್ ಎಡಕ್ಕೆ. ಹೊಸದರಲ್ಲಿ ಅದಲುಬದಲು. ಬಲಗಡೆ ಸ್ಟೀರಿಂಗ್ ಇರುವ ಜಪಾನಿನ ಕಾರುಗಳಲ್ಲಿ ಇಂಡಿಕೇಟರ್ ಸಾಮಾನ್ಯವಾಗಿ ಬಲಕ್ಕೆ, ಯುರೋಪಿನ ಕಾರುಗಳಲ್ಲಿ ಎಡಕ್ಕೆ. ಇದು ಗೊತ್ತಿದ್ದರೂ ಏನು ಉಪಯೋಗ? ಒಂದು ತಿಂಗಳು ನಾನು ಪ್ರತಿ ತಿರುವಿನಲ್ಲೂ ಸುಡುಬಿಸಿಲಲ್ಲಿ ಗಾಜು ಒರೆಸಿದ್ದೇನೆ. ಒಣಗಿದ ಗಾಜಿನ ಮೇಲೆ ವೈಪರ್ ಕಿರ್ರೋ ಅನ್ನುತ್ತದೆ. ಎದುರಿಂದ ಬರುವವರಿಗೆ ನಾನು ಎಡಕ್ಕೋ ಬಲಕ್ಕೋ ತಿಳಿಯದು, ಇವರ ತಲೆ ಕೆಟ್ಟಿದೆ ಅಂತ ಮಾತ್ರ ತಿಳಿಯುತ್ತದೆ.

ಮತ್ತೆ ಈ ಕೀ. ಅದನ್ನು ತಿರುಗಿಸುವ ಹಾಗಿಲ್ಲ, ಬ್ಯಾಗಿನಲ್ಲೇ ಇದ್ದರೆ ಸಾಕು, ಬಟನ್ ಒತ್ತಿದರೆ ಕಾರು ಶುರು. ಸಿಗ್ನಲ್ಲಿನಲ್ಲಿ ನಿಂತರೆ ಪೆಟ್ರೋಲ್ ಉಳಿಸುವುದಕ್ಕೆ ಎಂಜಿನ್ ತಾನೇ ಆಫ್ ಆಗುತ್ತದೆ, ಬ್ರೇಕ್ ಬಿಟ್ಟರೆ ತಾನೇ ಆನ್. ಹಳೆ ಕಾರು ಸಿಗ್ನಲ್ಲಿನಲ್ಲಿ ಆಫ್ ಆಯಿತು ಅಂದರೆ ಅವಮಾನ ಅಂತಲೇ ಅರ್ಥ. ಹಾಗಾಗಿ ಮೊದಲ ಸಲ ಹೊಸದು ಸದ್ದಿಲ್ಲದೆ ಆಫ್ ಆದಾಗ ನನ್ನ ಕೈ ಮಿಂಚಿನ ಹಾಗೆ ಸ್ಟೀರಿಂಗಿನ ಕೆಳಗೆ ಹೋಗಿ ಇಲ್ಲದ ಕೀಯನ್ನು ತಿರುಗಿಸಿತು. ಬೆರಳುಗಳು ಗಾಳಿಯಲ್ಲಿ ತಿರುಗಿದ್ದನ್ನು ನಾನೇ ನೋಡಿದೆ. ಹಸಿರು ಬಿತ್ತು, ಕಾಲು ಎತ್ತಿದೆ, ಎಂಜಿನ್ ಎದ್ದಿತು. ಯಾರಿಗೂ ಗೊತ್ತಾಗಲಿಲ್ಲ.

ಅಗಲ ಕಲಿಯುವುದಕ್ಕೆ ಮಾತ್ರ ಜಾಸ್ತಿ ದಿನ ಹಿಡಿಯಿತು. ಕಾರಿನ ಅಗಲ ಪುಸ್ತಕದಲ್ಲಿರುತ್ತದೆ, ಆದರೆ ಎಷ್ಟೋ ಕಡೆ ಅದು ಕನ್ನಡಿಗಳನ್ನು ಬಿಟ್ಟು ಹೇಳಿದ ಅಳತೆ. ಗೇಟು ಹಾಗೆ ಬಿಟ್ಟು ಲೆಕ್ಕ ಹಾಕುವುದಿಲ್ಲ. ಹಳೆ ಕಾರಿನಲ್ಲಿ ನನ್ನ ಹೆಗಲಿಂದ ಕಾರಿನ ಅಂಚಿಗೆ ಎಷ್ಟು ದೂರ ಅನ್ನುವುದು ಮೈಗೇ ಗೊತ್ತಿತ್ತು. ಬಾಗಿಲಲ್ಲಿ ನಡೆಯುವಾಗ ನಾವು ನಮ್ಮ ಭುಜ ಅಳೆಯುತ್ತೇವಾ? ಹಾಗೆ. ಹೊಸದರಲ್ಲಿ ಆ ಅಳತೆ ಅಳಿಸಿಹೋಯಿತು. ಗೇಟಿನೊಳಗೆ ಹೋಗುವಾಗ ಎರಡೂ ಕಡೆ ಧಾರಾಳ ಜಾಗ ಇರುತ್ತಿತ್ತು, ನಾನು ಮಾತ್ರ ಉಸಿರು ಎಳೆದು ಹೊಟ್ಟೆ ಒಳಗೆ ಮಾಡಿಕೊಳ್ಳುತ್ತಿದ್ದೆ. ನನ್ನ ಹೊಟ್ಟೆ ಒಳಗೆ ಹೋದರೆ ಕಾರು ಸಣ್ಣದಾಗುತ್ತದಾ? ಆಗುವುದಿಲ್ಲ. ಆದರೂ ಮಾಡುತ್ತಿದ್ದೆ.

ರಿವರ್ಸ್ ಹಾಕಿದರೆ ಹಿಂದಿನ ಕ್ಯಾಮೆರಾ ತೆರೆದುಕೊಂಡು ಹಸಿರು, ಹಳದಿ, ಕೆಂಪು ಗೆರೆ ತೋರಿಸುತ್ತದೆ. ಮೊದಮೊದಲು ಅದನ್ನೇ ನಂಬಿದೆ. ಹಿಂದೆ ಜಾಗ ಇತ್ತು, ಆದರೆ ಮುಂದಿನ ಮೂಗು ಪಕ್ಕದ ಕಂಬದ ಕಡೆಗೆ ಹೋಗುತ್ತಿತ್ತು. ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. ಸ್ಟೀರಿಂಗ್ ತಿರುಗಿಸಿ ಹಿಂದೆ ಹೋದರೆ ಮೂಗು ಆಚೆ ಕಡೆಗೆ ಬೀಸುತ್ತದೆ ಅನ್ನುವುದು 14 ವರ್ಷದ ಹಿಂದೆ ಕಲಿತ ಮೊದಲ ಪಾಠ. ಪರದೆ ನೋಡುತ್ತಾ ಅದೂ ಮರೆತುಹೋಗಿತ್ತು. ಅಂದಹಾಗೆ ಕಾರಿನ ಹಿಂದಿನ ಸಾಮಾನಿನ ಜಾಗಕ್ಕೂ ಡಿಕ್ಕಿ, ಹೋಗಿ ಗುದ್ದಿದರೂ ಡಿಕ್ಕಿ ಅನ್ನುತ್ತೇವಲ್ಲ, ನಮ್ಮ ಭಾಷೆಗೆ ರಿವರ್ಸ್ ಹೊಡೆಯುವವರ ಕಷ್ಟ ಚೆನ್ನಾಗಿ ಗೊತ್ತಿರಬೇಕು.

ಕನ್ನಡಿಗಳ ವಿಷಯದಲ್ಲಿ ಹೊಸ ಕಾರು ಒಂದು ಒಳ್ಳೆಯದು ಮಾಡಿತು. ಹೇಗೂ ಎಲ್ಲ ಹೊಸದಾಗಿ ಹೊಂದಿಸಬೇಕಿತ್ತು. ಹಾಗಿದ್ದ ಮೇಲೆ ಸರಿಯಾಗೇ ಹೊಂದಿಸೋಣ ಅಂತ ಹುಡುಕಿದೆ. ಜಾರ್ಜ್ ಪ್ಲಾಟ್ಜರ್ ಅನ್ನುವ ಎಂಜಿನಿಯರ್ 1995ರಲ್ಲಿ ಬರೆದ ಒಂದು ಪ್ರಬಂಧದ ಕ್ರಮ ಸಿಕ್ಕಿತು. ತಲೆಯನ್ನು ಬಲಗಡೆ ಕಿಟಕಿಗೆ ತಾಗಿಸಿ ಬಲಗನ್ನಡಿಯಲ್ಲಿ ನಮ್ಮ ಕಾರಿನ ಪಕ್ಕ ಅಂಚಿನಷ್ಟು ಮಾತ್ರ ಕಾಣುವ ಹಾಗೆ ಮಾಡಬೇಕು. ಆಮೇಲೆ ತಲೆಯನ್ನು ಕಾರಿನ ನಡುಮಧ್ಯಕ್ಕೆ ತಂದು ಎಡಗನ್ನಡಿಗೂ ಹಾಗೇ ಮಾಡಬೇಕು. ನೆಟ್ಟಗೆ ಕೂತಾಗ ಕನ್ನಡಿಯಲ್ಲಿ ನಮ್ಮ ಕಾರು ಕಾಣುವುದೇ ಇಲ್ಲ. ಒಂದು ವಾರ ದಿಕ್ಕೆಟ್ಟ ಹಾಗಾಯಿತು. ನನ್ನ ಕಾರೇ ಕಾಣದಿದ್ದರೆ ಪಕ್ಕದ ಬೈಕು ಎಲ್ಲಿದೆ ಅಂತ ಹೇಗೆ ಅಂದಾಜು ಮಾಡಲಿ? ನಂತರ ಒಂದು ದಿನ ಹಿಂದಿನಿಂದ ಬಂದ ಬೈಕನ್ನು ಗಮನಿಸಿದೆ. ನಡುಗನ್ನಡಿಯಿಂದ ಜಾರಿ ಬಲಗನ್ನಡಿಗೆ ಬಂತು. ಅಲ್ಲಿಂದ ಜಾರುವಷ್ಟರಲ್ಲಿ ನೇರ ಕಣ್ಣಂಚಿಗೇ ಬಂತು. ನಡುವೆ ಎಲ್ಲೂ ಮಾಯವಾಗಲಿಲ್ಲ. 14 ವರ್ಷ ನಾನು ಪಕ್ಕದ ಎರಡೂ ಕನ್ನಡಿಗಳಲ್ಲಿ ನನ್ನ ಕಾರಿನ ಬಾಗಿಲನ್ನೇ ನೋಡಿಕೊಂಡು ಓಡಾಡಿದ್ದೆ. ಹೀಗೆ ಹೊಂದಿಸಿದ ಮೇಲೂ ಲೇನ್ ಬದಲಿಸುವಾಗ ಒಮ್ಮೆ ಕತ್ತು ತಿರುಗಿಸುವುದನ್ನು ನಾನು ಬಿಟ್ಟಿಲ್ಲ.

ಇಂಥದ್ದೇ ಇನ್ನೊಂದು. ಪೆಟ್ರೋಲ್ ಮುಳ್ಳಿನ ಪಕ್ಕ ಪಂಪಿನ ಚಿತ್ರ ಇರುತ್ತದಲ್ಲ, ಅದರ ಹತ್ತಿರ ಒಂದು ಪುಟ್ಟ ಬಾಣ. ಟ್ಯಾಂಕಿನ ಮುಚ್ಚಳ ಯಾವ ಕಡೆ ಅಂತ ಅದು ಹೇಳುತ್ತದೆ. ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಎಂಬ ಎಂಜಿನಿಯರ್ 1986ರಲ್ಲಿ, ಮಳೆಯಲ್ಲಿ ಪಂಪಿನ ತಪ್ಪು ಪಕ್ಕಕ್ಕೆ ಕಾರು ನಿಲ್ಲಿಸಿ ನೆನೆದ ಮೇಲೆ, ಹೀಗೊಂದು ಬಾಣ ಇರಲಿ ಅಂತ ಕಂಪನಿಗೆ ಬರೆದು ಕೊಟ್ಟರಂತೆ. 1989ರ ಮಾಡೆಲ್‌ಗಳಿಂದ ಅದು ಬಂತು. ಹೊಸ ಕಾರಿನಲ್ಲಿ ಅದನ್ನು ನೋಡಿ ಎಂಥ ಸೌಕರ್ಯ ಅಂತ ತಮ್ಮನಿಗೆ ತೋರಿಸಿದೆ. ಅವನು ಫೋನಿನಲ್ಲಿ ನನ್ನ ಹಳೆ ಕಾರಿನ ಡ್ಯಾಶ್‌ಬೋರ್ಡಿನ ಒಂದು ಫೋಟೋ ಹುಡುಕಿ ದೊಡ್ಡದು ಮಾಡಿ ತೋರಿಸಿದ. ಅಲ್ಲೂ ಇತ್ತು ಬಾಣ.

ಸ್ಪೀಡೋಮೀಟರ್ ಕೂಡ ಹೊಟ್ಟೆ ಉರಿಸಿತು. ಫೋನಿನ ಮ್ಯಾಪ್ ಎದುರಿಗಿಟ್ಟುಕೊಂಡು ಹೋಗುತ್ತಿದ್ದೆ. ಕಾರು 100 ಅನ್ನುತ್ತಿದೆ, ಫೋನು 95 ಅನ್ನುತ್ತಿದೆ. ಹೊಸ ಕಾರಿನಲ್ಲೇ ದೋಷವಾ ಅಂತ ಗಾಬರಿ. ದೋಷ ಅಲ್ಲ, ನಿಯಮವೇ ಹಾಗೆ. ಬಹಳಷ್ಟು ದೇಶಗಳು ಒಪ್ಪಿಕೊಂಡಿರುವ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ಕಾರಿನ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗೇ ಇಲ್ಲ. ಜಾಸ್ತಿ ತೋರಿಸಬಹುದು, ಶೇಕಡಾ 10 ಮತ್ತು ಅದರ ಮೇಲೆ ಇನ್ನು 4 ಕಿಲೋಮೀಟರಿನವರೆಗೆ. ಹಾಗಾಗಿ ಕಂಪನಿಗಳು ಸ್ವಲ್ಪ ಮೇಲಕ್ಕೇ ಹೊಂದಿಸಿರುತ್ತವೆ. ಹಳೆ ಕಾರಿನಲ್ಲಿ ನಾನು ಹೇಳಿಕೊಂಡು ತಿರುಗಿದ ವೇಗದ ಕತೆಗಳಿಂದೆಲ್ಲ ಈಗ ಒಂದಿಷ್ಟು ಕಳೆಯಬೇಕು.

ವಾಸನೆಯ ಬಗ್ಗೆ ಬರೆಯದಿದ್ದರೆ ಬೇಜಾರಾಗುತ್ತೀರಿ. ಹೊಸ ಕಾರಿನ ವಾಸನೆ ನನಗೆ ಇಷ್ಟವಿಲ್ಲ. ಪ್ಲಾಸ್ಟಿಕ್, ಸ್ಪಂಜು, ಅಂಟು ಇವುಗಳಿಂದ ಆವಿಯಾಗುವ ರಾಸಾಯನಿಕಗಳೇ ಆ ವಾಸನೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇನ್ನೂ ಜಾಸ್ತಿ. ನಾನು ಕಿಟಕಿ ಇಳಿಸುತ್ತೇನೆ, ಅಮ್ಮ ಏರಿಸುತ್ತಾರೆ. ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೀಳುವುದಕ್ಕೂ ಅವರು ಬಿಡಲಿಲ್ಲ, ಕೊಳೆಯಾಗುತ್ತಂತೆ. ಒಂದು ತಿಂಗಳು ಕೂತಾಗ ಎದ್ದಾಗ ಪರಪರ ಸದ್ದು. ಕೊನೆಗೆ ಒಂದು ರಾತ್ರಿ ಒಬ್ಬಳೇ ಹೋಗಿ ಎಲ್ಲ ಕಿತ್ತು ಹಾಕಿದೆ.

ನನಗೆ ನಿಜವಾಗಿ ಸಿಟ್ಟು ಬರಿಸಿದ್ದು ನಡುವಿನ ಪರದೆ. ಹಳೆ ಕಾರಿನಲ್ಲಿ ಎಸಿಗೆ ಮೂರು ಗುಂಡು ತಿರುಗಣೆಗಳಿದ್ದವು. ಕಣ್ಣು ರಸ್ತೆ ಮೇಲೆ, ಕೈ ಎಡಕ್ಕೆ, ನಡುವಿನದನ್ನು ಎರಡು ಮೆಟ್ಟಿಲು ತಿರುಗಿಸಿದರೆ ಮುಗಿಯಿತು. ಹೊಸದರಲ್ಲಿ ಪರದೆ ಮುಟ್ಟಬೇಕು, ಎಸಿಯ ಪುಟ ತೆರೆಯಬೇಕು, ಫ್ಯಾನಿನ ಚಿತ್ರ ಹುಡುಕಬೇಕು, ಗುಂಡಿ ಬಿದ್ದ ರಸ್ತೆಯಲ್ಲಿ ಕುಣಿಯುವ ಬೆರಳಿನಿಂದ ಅದನ್ನು ಒತ್ತಬೇಕು. ಎರಡು ಸೆಕೆಂಡ್ ಬೇಕೇ ಬೇಕು. 60ರ ವೇಗದಲ್ಲಿ ಎರಡು ಸೆಕೆಂಡಿಗೆ ಕಾರು 33 ಮೀಟರ್ ಹೋಗಿರುತ್ತದೆ, ನಾನು ಕಣ್ಣು ಮುಚ್ಚಿಕೊಂಡೇ. ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 2026ರ ನಿಯಮಗಳಲ್ಲಿ ಇಂಡಿಕೇಟರ್, ಹಾರ್ನ್, ವೈಪರ್ ಮುಂತಾದವಕ್ಕೆ ಕೈಗೆ ಸಿಗುವ ಬಟನ್ನೇ ಇರಲಿ ಅಂತ ಅಂಕದ ಮೂಲಕ ಒತ್ತಾಯ ಹಾಕಿದೆ. ಎಸಿ ಆ ಪಟ್ಟಿಯಲ್ಲಿಲ್ಲ. ನನ್ನ ಗ್ರಹಚಾರ. ಈಗ ಹೊರಡುವ ಮುಂಚೆಯೇ ಎಸಿ ಎಷ್ಟು ಬೇಕೋ ಅಷ್ಟು ಇಟ್ಟು, ಆಮೇಲೆ ಚಳಿಯಾದರೂ ಸೆಖೆಯಾದರೂ ಸುಮ್ಮನಿರುತ್ತೇನೆ.

ಆದರೆ ಒಂದು ಸಂಜೆ ಕಾರು ಸರಿ, ನಾನು ತಪ್ಪು ಅಂತಾಯಿತು.

ಮಳೆ ಆಗಷ್ಟೇ ಶುರುವಾಗಿತ್ತು. ರಸ್ತೆಯ ಧೂಳು ನೆನೆದು ಸೋಪಿನ ಹಾಗೆ ಜಾರುವ ಹೊತ್ತು ಅದು. ಮುಂದಿದ್ದ ವ್ಯಾನ್ ಇದ್ದಕ್ಕಿದ್ದ ಹಾಗೆ ನಿಂತಿತು. ಬ್ರೇಕ್ ತುಳಿದೆ. ಪೆಡಲ್ ನನ್ನ ಕಾಲನ್ನೇ ತಿರುಗಿ ಒದೆಯಿತು. ಕಟ ಕಟ ಕಟ ಅಂತ ಅಂಗಾಲಿನ ಕೆಳಗೆ ಏನೋ ಮುರಿಯುತ್ತಿರುವ ಹಾಗೆ. ಬ್ರೇಕ್ ಹೋಯಿತು ಅಂದುಕೊಂಡೆ. ಹೆದರಿ ಕಾಲು ಸಡಿಲ ಮಾಡಿದೆ. ಸಡಿಲ ಮಾಡಿದ ತಕ್ಷಣ ಕಾರು ಮುಂದೆ ಹೋಯಿತು. ಮತ್ತೆ ತುಳಿದೆ, ಮತ್ತೆ ಕಟ ಕಟ, ವ್ಯಾನಿನ ಹಿಂದೆ ಒಂದು ಮಾರು ಜಾಗ ಉಳಿಸಿ ನಿಂತಿತು. ವೈಪರ್ ಸುಮ್ನೆ ಆಡುತ್ತಿತ್ತು. ಅಮ್ಮ ಇರಲಿಲ್ಲ, ಪುಣ್ಯ.

ಅದು ಎಬಿಎಸ್. ನನ್ನ ಹಳೆ ಕಾರಿನಲ್ಲಿ ಇರಲಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆದರೆ ಕಾರು ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ತಿರುಗುವುದಿಲ್ಲ. ಎಬಿಎಸ್ ಪ್ರತಿ ಸೆಕೆಂಡಿಗೆ ಹಲವು ಸಲ ಬ್ರೇಕಿನ ಒತ್ತಡ ಬಿಟ್ಟು ಹಿಡಿದು ಮಾಡಿ ಚಕ್ರ ಉರುಳುತ್ತಲೇ ಇರುವ ಹಾಗೆ ನೋಡಿಕೊಳ್ಳುತ್ತದೆ. ಕಾಲಿಗೆ ಬಂದ ಒದೆತ ಆ ಬಿಟ್ಟು ಹಿಡಿಯುವ ಕೆಲಸದ್ದು. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲೇ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿಗೆ ಬಂದಿತ್ತು. ನನ್ನ ಕಾಲಿಗೆ ಬರುವುದಕ್ಕೆ ಇಷ್ಟು ವರ್ಷ ಹಿಡಿಯಿತು. ಹಳೆ ಕಾರಿನಲ್ಲಿ ನಾನು ಕಲಿತದ್ದು ಮಳೆಯಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯಬೇಕು ಅಂತ. ಆ ಕಾರಿಗೆ ಅದು ಸರಿ. ಈ ಕಾರಿಗೆ ಒಂದೇ ಸಮ ಒತ್ತಿ ಹಿಡಿಯಬೇಕು, ಎಷ್ಟೇ ಒದ್ದರೂ. ಮರುದಿನ ಭಾನುವಾರ ಬೆಳಗ್ಗೆ ಒಂದು ದೊಡ್ಡ ಖಾಲಿ ಮೈದಾನಕ್ಕೆ ಹೋಗಿ, ಒದ್ದೆ ನೆಲದಲ್ಲಿ 30ರ ವೇಗಕ್ಕೆ ತಂದು ಬ್ರೇಕ್ ತುಳಿದು ತುಳಿದು ನೋಡಿದೆ. ಏಳನೇ ಸಲಕ್ಕೆ ಕಾಲು ಹೆದರುವುದು ಬಿಟ್ಟಿತು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ಕಲೀತಿದ್ದೀಯೇನಮ್ಮಾ?" ಅಂದರು. ಹೌದು ಅಂದೆ.

ಕಾರಿನ ಜೊತೆ ಬಂದ ಪುಸ್ತಕವನ್ನು ಓದುವುದಕ್ಕೆ ಶುರು ಮಾಡಿದ್ದು ಆಮೇಲೆ. ಮೊದಲ 1,000 ಕಿಲೋಮೀಟರ್ ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ, ಒಂದೇ ವೇಗದಲ್ಲಿ ತುಂಬಾ ಹೊತ್ತು ಹೋಗಬೇಡಿ ಅಂತಿತ್ತು. ಎಂಜಿನ್ನಿನೊಳಗೆ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಉಜ್ಜಿ ಉಜ್ಜಿ ಹೊಂದಿಕೊಳ್ಳಬೇಕಂತೆ. ಬ್ರೇಕ್ ಪ್ಯಾಡೂ ಹಾಗೇ. ಹೊಸ ಟೈರಿಗೂ ಅಚ್ಚಿನಿಂದ ಬಂದ ನುಣುಪು ಸವೆದ ಮೇಲೇ ಹಿಡಿತ ಪೂರ್ತಿ ಬರುವುದು. ಓದಿ ಸಮಾಧಾನವಾಯಿತು. ಅದಕ್ಕೂ ನಾನು ಹೊಸಬಳು.

ಹಳೆ ಕಾರು ಮಾರಿದ್ದು ಇದೇ ಸಮಯಕ್ಕೆ. ತೆಗೆದುಕೊಳ್ಳುವುದಕ್ಕೆ ಬಂದ ಹುಡುಗನಿಗೆ ಕೀ ಕೊಟ್ಟು ಹೇಳುತ್ತಾ ನಿಂತೆ. ಬೆಳಗ್ಗೆ ಎರಡನೇ ಗೇರ್ ಸ್ವಲ್ಪ ಹಟ ಮಾಡುತ್ತೆ, ಒಂದು ಸಲ ನ್ಯೂಟ್ರಲ್ಲಿಗೆ ತಂದು ಹಾಕಿ. ಹಿಂದಿನ ಎಡ ಕಿಟಕಿ ಇಳಿಸಬೇಡಿ, ಇಳಿಸಿದರೆ ಏರಿಸುವಾಗ ಗಾಜು ಕೈಯಲ್ಲಿ ಹಿಡಿದುಕೊಳ್ಳಬೇಕು. ಕ್ಲಚ್ ತುಂಬಾ ಮೇಲಕ್ಕೆ ಬಂದು ಕಚ್ಚುತ್ತೆ, ಮೊದಲ ದಿನ ಆಫ್ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಅವನು ತಲೆಯಾಡಿಸುತ್ತಿದ್ದ. ಅವನ ಕಣ್ಣು ಎಲ್ಲೋ ಇತ್ತು, ಓಡೋಮೀಟರ್ ಮೇಲಿರಬೇಕು. ಅರ್ಧ ಗಂಟೆ ಹೇಳಿದ್ದೇನೆ ಅಂತ ಆಮೇಲೆ ಗೊತ್ತಾಯಿತು. ಅವನು ಗೇಟು ದಾಟುವಾಗ ಎರಡು ಸಲ ಆಫ್ ಮಾಡಿದ.

ಹೋದ ವಾರ ತಮ್ಮನ ಜೊತೆ ಅವನ ಕಾರಿನಲ್ಲಿ ಹೋಗಿದ್ದೆ. ಅವನದು ಗೇರಿನ ಕಾರು. ವಾಪಸ್ ಬರುವಾಗ ಅವನಿಗೆ ನಿದ್ದೆ ಎಳೆಯುತ್ತಿತ್ತು. ನೀನು ಸುಮ್ನೆ ಕೂತ್ಕೋ, ನಾನು ಓಡಿಸ್ತೀನಿ ಅಂದೆ. 14 ವರ್ಷ ಓಡಿಸಿದ್ದಲ್ವಾ? ಚೆನ್ನಾಗೇ ಬಂತು. ಊರೊಳಗೆ ಮೊದಲ ಸಿಗ್ನಲ್ ಸಿಕ್ಕಿತು. ಬಲಗಾಲಿನಿಂದ ಬ್ರೇಕನ್ನು ಮೆಲ್ಲಗೆ, ಅಷ್ಟು ನಾಜೂಕಾಗಿ ಒತ್ತಿದೆ. ಎಡಗಾಲು ಪಕ್ಕದಲ್ಲಿ ಹಾಯಾಗಿ ಚಾಚಿಕೊಂಡು ಮಲಗಿತ್ತು.

"ಅಕ್ಕಾ, ಕ್ಲಚ್!" ಅಂದ ತಮ್ಮ.

ಕಾರು ಎರಡು ಸಲ ಜಗ್ಗಿ ಆಫ್ ಆಯಿತು. ಕೀ ಅಲ್ಲೇ ಇತ್ತು, ನಾನು ಬಟನ್ನಿಗಾಗಿ ಹುಡುಕುತ್ತಿದ್ದೆ.